ಕರೆಂಟ್ ಹೋಯಿತು, ಪಾತ್ರೆ ಹೋಗಿಲ್ಲ: ಅರ್ಧಕ್ಕೆ ನಿಂತ ಕಿಲ್ನ್‌ನಿಂದ ಗ್ಲೇಜ್ ಪಾತ್ರೆ ಉಳಿಸಿಕೊಳ್ಳುವ ಸೂತ್ರಗಳು

ಗ್ಲೇಜ್ ಫೈರಿಂಗ್ ನಡುವೆ ಕಿಲ್ನ್ ನಿಂತುಹೋದರೆ ಹೆಚ್ಚಿನವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನೀವು ಕೂರಬೇಡಿ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ಒಡೆದ ಮಡಕೆಗೆ ಸರಿ. ಅರ್ಧ ಬೆಂದ ಮಡಕೆಗೆ ಅದು ಅನ್ವಯಿಸುವುದಿಲ್ಲ. ಗ್ಲೇಜ್ ಎಂದರೆ ಮಣ್ಣಿನ ಮೈಮೇಲೆ ಕರಗಿ ಕೂತ ಗಾಜು. ಇವತ್ತು ಪೂರ್ತಿ ಕರಗದ ಗಾಜನ್ನು ನಾಳೆ ಮತ್ತೆ ಕಾಯಿಸಿ ಕರಗಿಸಬಹುದು. ನಿಂತ ಫೈರಿಂಗ್ ಬಹುಪಾಲು ಸಲ ಮುಗಿದುಹೋದ ಫೈರಿಂಗ್ ಅಲ್ಲ, ಬಾಕಿ ಉಳಿದ ಕೆಲಸ ಅಷ್ಟೆ.

ಫೈನ್ ಆರ್ಟ್ಸ್ ಕಾಲೇಜಿನ ಸೆರಾಮಿಕ್ ವಿದ್ಯಾರ್ಥಿ, ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿರುವ ಅಸಿಸ್ಟೆಂಟ್, ಮನೆಯ ಹಿಂದಿನ ಶೆಡ್‌ನಲ್ಲಿ ಕಿಲ್ನ್ ಇಟ್ಟುಕೊಂಡು ಕೆಫೆಗಳಿಗೆ ಮಗ್ ಮಾಡಿಕೊಡುವವರು, ನಿಮಗೆಲ್ಲ ಇದು ಬೇಕಾಗುತ್ತದೆ. ಉದಾಹರಣೆಗೆ ಇಂದು ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿರುವ ಒಂದು ವ್ಯವಸ್ಥೆಯನ್ನೇ ತೆಗೆದುಕೊಂಡಿದ್ದೇನೆ: ಎಲೆಕ್ಟ್ರಿಕ್ ಕಿಲ್ನ್, ಸುಮಾರು 1000 ಡಿಗ್ರಿಯಲ್ಲಿ ಬಿಸ್ಕ್ ಆದ ಸ್ಟೋನ್‌ವೇರ್ ಮಣ್ಣು, ಕೋನ್ 6ರ ಗ್ಲೇಜ್. ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಎಂದೇ ಓದಿಕೊಳ್ಳಿ.

1. ಮುಚ್ಚಳಕ್ಕೆ ಕೈ ಹಾಕಬೇಡಿ

ಏನಾಗಿದೆಯೋ ನೋಡೋಣ ಎಂಬ ಆತುರವನ್ನು ಅಲ್ಲೇ ತಡೆಯಿರಿ. ಒಳಗೆ ಪಾತ್ರೆಗಳು ಕೆಂಪಗೆ ಕಾದಿವೆ, ಹೊರಗಿನ ಗಾಳಿ 28 ಡಿಗ್ರಿ. ಆ ಗಾಳಿ ನುಗ್ಗಿದರೆ ಪಾತ್ರೆಯ ಅಂಚು ಮೊದಲು ತಣಿದು ಕುಗ್ಗುತ್ತದೆ, ತಳ ಬಿಸಿಯಾಗಿಯೇ ಇರುತ್ತದೆ. ಆ ಎಳೆದಾಟಕ್ಕೆ ಪಾತ್ರೆ ಸೀಳುತ್ತದೆ. ಸ್ಟುಡಿಯೋದವರು ಇದನ್ನು ಡಂಟಿಂಗ್ ಎನ್ನುತ್ತಾರೆ. ಗ್ಲೇಜ್ ಅರ್ಧ ಬೆಂದಿದ್ದರೆ ಪರಿಹಾರ ಉಂಟು, ಮೈ ಸೀಳಿದರೆ ಇಲ್ಲ.

ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿ: 573 ಮತ್ತು 226. ಮಣ್ಣಿನಲ್ಲಿರುವ ಕ್ವಾರ್ಟ್ಜ್ ತಣಿಯುವಾಗ 573 ಡಿಗ್ರಿಯ ಹತ್ತಿರ ಹಠಾತ್ತನೆ ಕುಗ್ಗುತ್ತದೆ. ಹೆಚ್ಚು ಬೆಂದ ಮೈಯಲ್ಲಿ ಹುಟ್ಟುವ ಕ್ರಿಸ್ಟೋಬಲೈಟ್ ಸುಮಾರು 226 ಡಿಗ್ರಿಯಲ್ಲಿ ಇನ್ನೊಮ್ಮೆ ಅದೇ ಕೆಲಸ ಮಾಡುತ್ತದೆ. ಈ ಎರಡು ಘಟ್ಟಗಳನ್ನು ಪಾತ್ರೆ ನಿಧಾನವಾಗಿ ದಾಟಬೇಕು.

ಇಣುಕು ರಂಧ್ರಗಳಿಗೆ ಬಿರಡೆ ಹಾಕಿ. ವೆಂಟ್ ಫ್ಯಾನ್ ಓಡುತ್ತಿದ್ದರೆ ನಿಲ್ಲಿಸಿ. ಹಳ್ಳಿಯ ಕುಂಬಾರರು ಆವಿಗೆಯ ಮೇಲೆ ಹುಲ್ಲು, ಬೂದಿ, ಮಣ್ಣು ಮುಚ್ಚಿ ಅದು ತಾನಾಗಿ ತಣಿಯುವ ತನಕ ಕಾಯುತ್ತಾರೆ. ಇಟ್ಟಿಗೆ ಗೋಡೆಯ ಕಿಲ್ನ್‌ಗೂ ಅದೇ ನಿಯಮ. ತೆರೆಯಲೇಬೇಕಾದರೆ 100 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ತೆರೆಯಿರಿ.

ಜಪಾನಿನ ರಾಕು ಪಾತ್ರೆಗಳನ್ನು ಕೆಂಪಗಿರುವಾಗಲೇ ಇಕ್ಕಳದಲ್ಲಿ ಹೊರಗೆಳೆಯುತ್ತಾರಲ್ಲ ಎಂದು ಯಾರಾದರೂ ವಾದಿಸಿಯಾರು. ಆ ಮಣ್ಣಿಗೆ ಸುಟ್ಟ ಮಣ್ಣಿನ ಒರಟು ಪುಡಿ ಬೆರೆಸಿರುತ್ತಾರೆ, ಬಿಸಿಯ ಪೆಟ್ಟು ತಡೆಯಲೆಂದೇ ಅದನ್ನು ಹದ ಮಾಡಿರುತ್ತಾರೆ. ನಿಮ್ಮ ನುಣುಪು ಸ್ಟೋನ್‌ವೇರ್‌ನಿಂದ ಆ ತಾಳಿಕೆ ನಿರೀಕ್ಷಿಸಬೇಡಿ.

2. ಯಾರಿಗಾದರೂ ಫೋನ್ ಮಾಡುವ ಮೊದಲು ಸಂಖ್ಯೆ ಬರೆದುಕೊಳ್ಳಿ

ಮೂರು ವಿಷಯ ಬರೆಯಿರಿ: ನಿಂತಾಗ ಎಷ್ಟು ಡಿಗ್ರಿ, ಎಷ್ಟು ಗಂಟೆಗೆ, ಆಗ ಗಂಟೆಗೆ ಎಷ್ಟು ಡಿಗ್ರಿಯಂತೆ ಏರುತ್ತಿತ್ತು. ಮುಂದಿನ ಪ್ರತಿ ನಿರ್ಧಾರವೂ ಈ ಮೂರರ ಮೇಲೆ ನಿಂತಿದೆ. ಇವು ಗೊತ್ತಿದ್ದರೆ ನೀವು ಯೋಜನೆ ಹಾಕುತ್ತೀರಿ. ಗೊತ್ತಿಲ್ಲದಿದ್ದರೆ ಊಹೆಯೇ ಗತಿ, ಊಹೆ ಬೆಳೆದರೆ ಭಯ.

ಡಿಸ್‌ಪ್ಲೇ ಆರಿಹೋಗಿದೆಯೇ? ಇಣುಕು ರಂಧ್ರದಲ್ಲಿ ಕಾಣುವ ಬಣ್ಣ ಓದಿ. ಮಂಕು ಕೆಂಪು ಎಂದರೆ ಅಂದಾಜು 650 ಡಿಗ್ರಿ. ಹೊಳೆಯುವ ಕೆಂಪು 800ರ ಆಸುಪಾಸು. ಕಿತ್ತಳೆ 950ರಿಂದ 1000. ಹಳದಿ 1100. ಬಿಳಿಗೆ ತಿರುಗಿದ ಹಳದಿ 1200 ದಾಟಿದ ಸೂಚನೆ. ಬರಿಗಣ್ಣಿನಲ್ಲಿ ನೋಡಬೇಡಿ, ಸಾಮಾನ್ಯ ಕೂಲಿಂಗ್ ಗ್ಲಾಸ್ ಕೂಡ ಸಾಲದು. ಇನ್‌ಫ್ರಾರೆಡ್ ತಡೆಯುವ ವೆಲ್ಡಿಂಗ್ ದರ್ಜೆಯ ಕನ್ನಡಕ ಹಾಕಿ.

ಬಣ್ಣಕ್ಕಿಂತ ನಂಬಿಕಸ್ಥ ಸಾಕ್ಷಿ ವಿಟ್ನೆಸ್ ಕೋನ್. ಜರ್ಮನಿಯ ಹರ್ಮನ್ ಸೆಗರ್ 1886ರಲ್ಲಿ ಈ ಕೋನ್‌ಗಳನ್ನು ರೂಪಿಸಿದರು. ಅಮೆರಿಕದ ಎಡ್ವರ್ಡ್ ಆರ್ಟನ್ 1896ರಲ್ಲಿ ತಮ್ಮ ಸರಣಿ ತಂದರು. ನಾವು ಇಂದು ಬಳಸುವ ಕೋನ್ ಸಂಖ್ಯೆ ಆರ್ಟನ್ ಸರಣಿಯದು. ಕೋನ್ ತೋರಿಸುವುದು ಬರೀ ಡಿಗ್ರಿಯನ್ನಲ್ಲ, ಡಿಗ್ರಿ ಮತ್ತು ಸಮಯ ಸೇರಿ ಮಾಡಿದ ಕೆಲಸವನ್ನು. ಹಾಗಾಗಿಯೇ ಕೋನ್ 6 ನಿಧಾನವಾಗಿ ಏರಿದರೆ ಸುಮಾರು 1220ರಲ್ಲಿ ಬಾಗುತ್ತದೆ, ವೇಗವಾಗಿ ಏರಿದರೆ 1240ರ ಹತ್ತಿರ. ಗ್ಲೇಜ್ ಕರಗುವುದೂ ಇದೇ ಲೆಕ್ಕದಲ್ಲಿ. ಆದ್ದರಿಂದ ಮೀಟರ್ ಮತ್ತು ಕೋನ್ ಬೇರೆ ಬೇರೆ ಮಾತಾಡಿದರೆ ಕೋನ್ ಮಾತು ನಂಬಿ.

3. ಕಾರಣ ಪತ್ತೆಯಾಗುವ ತನಕ ಸ್ವಿಚ್ ಹಾಕಬೇಡಿ

ಮೊದಲು ಮೇನ್ ಐಸೊಲೇಟರ್ ಆಫ್ ಮಾಡಿ. ಆಮೇಲೆ ಕ್ರಮವಾಗಿ ನೋಡಿ. ಇಡೀ ಬೀದಿಗೆ ಕರೆಂಟ್ ಇಲ್ಲವೇ, ನಿಮಗೆ ಮಾತ್ರವೇ? ಎಂಸಿಬಿ ಟ್ರಿಪ್ ಆಗಿದೆಯೇ? ಮೂರು ಫೇಸ್‌ನಲ್ಲಿ ಒಂದು ಹೋಗಿದೆಯೇ? ಎಲಿಮೆಂಟ್ ತುಂಡಾಗಿದೆಯೇ? ಕಂಟ್ರೋಲರ್ ಎರರ್ ತೋರಿಸುತ್ತಿದೆಯೇ? ಥರ್ಮೋಕಪಲ್ ತಂತಿ ಕಡಿದರೆ ಬಹಳಷ್ಟು ಕಂಟ್ರೋಲರ್‌ಗಳು ಸುರಕ್ಷತೆಗಾಗಿ ತಾವೇ ನಿಂತುಬಿಡುತ್ತವೆ. ಆಗ ತಪ್ಪು ಕಿಲ್ನ್‌ದಲ್ಲ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ಕಿಲ್ನ್ ಪೂರ್ತಿ ನಿಲ್ಲದೆ 1100 ದಾಟಿದ ಮೇಲೆ ಏರಲು ತಿಣುಕುವ ಪ್ರಸಂಗವೂ ಇದೆ. ಇದರ ಹಿಂದೆ ಹಲವು ಸಲ ಇರುವುದು ವೋಲ್ಟೇಜ್. ಎಲಿಮೆಂಟ್ ಕೊಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ವೋಲ್ಟೇಜ್ 207ಕ್ಕೆ ಕುಸಿದರೆ ಅದು ಕೇವಲ ಶೇಕಡಾ 10ರ ಇಳಿಕೆ, ಆದರೆ ಶಕ್ತಿ ಶೇಕಡಾ 81ಕ್ಕೆ ಬಂದು ನಿಲ್ಲುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ಲೈಟು, ಟಿವಿ, ಗೀಸರ್ ಓಡುವ ಹೊತ್ತಿಗೆ ನಿಮ್ಮ ಕಿಲ್ನ್ ತುದಿ ಮುಟ್ಟಲು ಹೆಣಗುವುದಕ್ಕೆ ಇದೇ ಕಾರಣ. ಪರಿಹಾರ ಸರಳ: ಕೊನೆಯ 200 ಡಿಗ್ರಿ ನಡುರಾತ್ರಿಗೆ ಬರುವಂತೆ ಟೈಮಿಂಗ್ ಹಾಕಿ.

ಫೇಸ್, ಎಲಿಮೆಂಟ್, ರಿಲೇ, ಇವು ಎಲೆಕ್ಟ್ರಿಷಿಯನ್ ಕೆಲಸ. ನಂಬಿಗಸ್ತರ ನಂಬರ್ ಕಿಲ್ನ್ ಪಕ್ಕದ ಗೋಡೆಯ ಮೇಲೆಯೇ ಬರೆದಿಡಿ.

4. ಯಾವ ಘಟ್ಟದಲ್ಲಿ ನಿಂತಿದೆ ನೋಡಿ, ಅದರಂತೆ ನಡೆಯಿರಿ

ಪ್ರತಿ ಘಟ್ಟಕ್ಕೂ ಬೇರೆ ಉತ್ತರ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಇಲ್ಲಿ ದೊಡ್ಡ ನಷ್ಟಕ್ಕೆ ದಾರಿ.

600 ಡಿಗ್ರಿಗಿಂತ ಕೆಳಗೆ ನಿಂತಿದೆಯೇ? ನಿಶ್ಚಿಂತೆಯಿಂದಿರಿ. ಗ್ಲೇಜ್ ಇನ್ನೂ ಒಣ ಪುಡಿ. ಏನೂ ಕರಗಿಲ್ಲ, ಏನೂ ಕೆಟ್ಟಿಲ್ಲ. ಅದೇ ಪ್ರೋಗ್ರಾಂ ಮೊದಲಿಂದ ಓಡಿಸಿ.

600ರಿಂದ 1000ದ ನಡುವೆ? ನಿಮ್ಮ ಮಣ್ಣು ಬಿಸ್ಕ್‌ನಲ್ಲಿ ಈ ಶಾಖವನ್ನು ಒಮ್ಮೆ ಕಂಡು ಬಂದಿದೆ. ಗ್ಲೇಜಿನಲ್ಲಿರುವ ಸುಣ್ಣದ ಕಲ್ಲಿನ ಪುಡಿ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಡುವುದು 800 ದಾಟಿದ ಮೇಲೆ. ಅದು ಇನ್ನೊಮ್ಮೆ ಶುರುವಾದರೂ ತೊಂದರೆ ಇಲ್ಲ, ಏಕೆಂದರೆ ಮೇಲ್ಮೈ ಇನ್ನೂ ಮುಚ್ಚಿಕೊಂಡಿಲ್ಲ, ಅನಿಲಕ್ಕೆ ದಾರಿ ಇದೆ. ಕಿಲ್ನ್ ಮತ್ತೆ ಓಡಿಸಿ. ಒಂದೇ ಎಚ್ಚರ: ಪಾತ್ರೆಗಳನ್ನು ಹೊರಗೆ ತೆಗೆದು ಮುಟ್ಟಬೇಡಿ. ಈ ಹಂತದಲ್ಲಿ ಗ್ಲೇಜಿನಲ್ಲಿದ್ದ ಅಂಟು ಸುಟ್ಟುಹೋಗಿರುತ್ತದೆ, ಗಾಜಿನ ಹಿಡಿತ ಇನ್ನೂ ಬಂದಿರುವುದಿಲ್ಲ. ಬೆರಳು ತಾಗಿದರೆ ಸಾಕು, ಚಕ್ಕೆ ಉದುರುತ್ತದೆ. ಉದುರಿದ ಜಾಗದಲ್ಲಿ ಮುಂದೆ ಗ್ಲೇಜ್ ಹಿಂದೆ ಸರಿದು ಬೋಳು ಕಲೆ ಉಳಿಯುತ್ತದೆ.

1000 ಮತ್ತು 1150ರ ನಡುವೆ ನಿಂತದ್ದು ಸೂಕ್ಷ್ಮ ಘಟ್ಟ. ಫ್ರಿಟ್ ಮತ್ತು ಬೋರಾನ್ ಇರುವ ಗ್ಲೇಜ್‌ಗಳು ಕರಗಲು ಶುರುವಾಗಿವೆ, ಫೆಲ್ಡ್‌ಸ್ಪಾರ್ ಇನ್ನೂ ಪೂರ್ತಿ ಸೇರಿಲ್ಲ. ಮೇಲ್ಮೈ ಅಲ್ಲಲ್ಲಿ ಮುಚ್ಚಿಕೊಂಡಿದೆ, ಒಳಗೆ ಗುಳ್ಳೆಗಳಿವೆ. ಈಗ ತೆಗೆದು ನೋಡಿದರೆ ಪಾತ್ರೆ ಕುರೂಪವಾಗಿಯೇ ಕಾಣುತ್ತದೆ. ನೋಡಿ ನಿರಾಶರಾಗುವುದು ಒಂದು ಅಭ್ಯಾಸ, ಅದನ್ನು ತಿದ್ದಿಕೊಳ್ಳಿ. ಈ ಹಂತದಲ್ಲಿ ಪ್ರತಿ ಗ್ಲೇಜೂ ಹೀಗೆಯೇ ಇರುತ್ತದೆ. ಸರಿಯಾಗಿ ಮುಗಿಯುವ ಫೈರಿಂಗ್‌ನಲ್ಲಿ ನಾವು ಇದನ್ನು ನೋಡುವುದಿಲ್ಲ ಅಷ್ಟೆ. ಸರಿಯಾದ ಕೋನ್‌ಗೆ ಮತ್ತೆ ಫೈರ್ ಮಾಡಿ, ಬಹುಪಾಲು ಪಾತ್ರೆಗಳು ನಿಮಗೆ ವಾಪಸ್ ಬರುತ್ತವೆ.

ತುದಿಗೆ ಇನ್ನು 50 ಡಿಗ್ರಿ ಇರುವಾಗ ನಿಂತಿತೇ? ಕೋನ್ ನೋಡಿ. 5 ಮಲಗಿ 6 ತಲೆಬಾಗಲು ಶುರುಮಾಡಿದ್ದರೆ ಹೆಚ್ಚಿನ ಪಾತ್ರೆಗಳ ಕೆಲಸ ಮುಗಿಯುತ್ತ ಬಂದಿದೆ. ತಣಿಯಲು ಬಿಟ್ಟು ಆಮೇಲೆ ಒಂದೊಂದಾಗಿ ಪರೀಕ್ಷಿಸಿ.

ತುದಿ ಮುಟ್ಟಿ, ನಿಧಾನ ತಣಿಸುವ ಹಂತದಲ್ಲಿ ಕರೆಂಟ್ ಹೋದರೆ ಪಾತ್ರೆ ಬೆಂದಿದೆ. ಹಾಳಾಗುವುದು ಮ್ಯಾಟ್ ಗ್ಲೇಜಿನ ನೋಟ ಮಾತ್ರ. ಮ್ಯಾಟ್ ಮೇಲ್ಮೈ ಬರುವುದು ತಣಿಯುವಾಗ ಬೆಳೆಯುವ ಸಣ್ಣ ಹರಳುಗಳಿಂದ. ಬೇಗ ತಣಿದರೆ ಹರಳಿಗೆ ಸಮಯ ಸಿಗದೆ ಗ್ಲೇಜ್ ಹೊಳೆಯುತ್ತದೆ. ಆ ಹೊಳಪು ನಿಮಗೆ ಬೇಡವಾದರೆ ಮತ್ತೆ ಫೈರ್ ಮಾಡಿ, ಇಳಿಯುವಾಗ 1040ರಿಂದ 800ರ ತನಕ ಗಂಟೆಗೆ 60ರಿಂದ 80 ಡಿಗ್ರಿಯಂತೆ ಇಳಿಸಿ.

5. ಕರೆಂಟ್ ಬೇಗ ಬಂದರೆ ಬಿಸಿಯಲ್ಲೇ ಮುಂದುವರಿಸಿ

ಕಾರಣ ಗೊತ್ತಾಗಿದೆ, ಕರೆಂಟ್ ವಾಪಸ್ ಬಂದಿದೆ, ಕಿಲ್ನ್ ಇನ್ನೂ 700 ಡಿಗ್ರಿಯಲ್ಲಿದೆ. ತಣಿಯಲು ಕಾಯಬೇಡಿ. ಪಾತ್ರೆ 573ರ ಗಂಡಾಂತರವನ್ನು ಇನ್ನೂ ದಾಟಿಲ್ಲ, ದಾಟಿಸುವ ಅಗತ್ಯವೂ ಇಲ್ಲ.

ಹಳೆಯ ಪ್ರೋಗ್ರಾಂ ಮೊದಲಿಂದ ಓಡಿಸಬೇಡಿ. ಹೊಸದೊಂದು ಚಿಕ್ಕ ಪ್ರೋಗ್ರಾಂ ಬರೆಯಿರಿ. ಈಗಿನ ಡಿಗ್ರಿಯಿಂದ 1120ರ ತನಕ ಗಂಟೆಗೆ 150. ಅಲ್ಲಿಂದ ತುದಿಯ ತನಕ ಗಂಟೆಗೆ 60. ತುದಿಯಲ್ಲಿ 10ರಿಂದ 15 ನಿಮಿಷ ಹಿಡಿದು ನಿಲ್ಲಿಸಿ. ಕೋನ್ ಯಾವಾಗ ಬಾಗುತ್ತದೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಕೊನೆಯ 100 ಡಿಗ್ರಿಯ ವೇಗ. ಕೋನ್ ಚಾರ್ಟ್‌ಗಳಲ್ಲಿ ಕೊಟ್ಟಿರುವ ವೇಗವೂ ಆ ಕೊನೆಯ 100 ಡಿಗ್ರಿಯದೇ. ಕೆಳಗಿನ ಹಂತದಲ್ಲಿ ಎಷ್ಟು ಹೊತ್ತು ಕಳೆದರೂ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ, ತುದಿಯ ಹಾದಿ ಮಾತ್ರ ಕ್ರಮವಾಗಿರಲಿ.

ಕರೆಂಟ್ ಬಂದಾಗ ನಿಮ್ಮ ಕಂಟ್ರೋಲರ್ ಏನು ಮಾಡುತ್ತದೆ ಎಂದು ಇವತ್ತೇ ಮ್ಯಾನ್ಯುಯಲ್ ತೆಗೆದು ನೋಡಿ. ಕೆಲವು ನಿಂತಲ್ಲಿಂದ ಮುಂದುವರಿಯುತ್ತವೆ, ಕೆಲವು ಮೊದಲಿಂದ ಶುರುಮಾಡುತ್ತವೆ, ಕೆಲವು ನಿಮ್ಮ ಆದೇಶಕ್ಕೆ ಕಾಯುತ್ತವೆ. ಈ ಸೆಟ್ಟಿಂಗ್ ತಿಳಿಯದೆ ಕಿಲ್ನ್ ಓಡಿಸುವುದು ವೃತ್ತಿಪರರ ಲಕ್ಷಣವಲ್ಲ.

6. ಪೂರ್ತಿ ತಣಿದಿದ್ದರೆ ಎರಡನೇ ಸಲ ಹೆಚ್ಚು ತಾಳ್ಮೆ ತೋರಿ

ಬಿಸ್ಕ್ ಆದ ಪಾತ್ರೆಯ ಮೈ ತೂತುತೂತು, ಬಿಸಿಯನ್ನು ತಡೆದುಕೊಳ್ಳುತ್ತದೆ. 1100 ಕಂಡ ಪಾತ್ರೆ ಹಾಗಲ್ಲ. ಮೈ ಬಿಗಿದಿದೆ, ಮೇಲೆ ಗಾಜಿನ ಪದರ ಅಂಟಿದೆ. ಅವಸರದಲ್ಲಿ ಕಾಯಿಸಿದರೆ ತಳ ಸೀಳುತ್ತದೆ. ಅಗಲ ತಟ್ಟೆಗಳೇ ಮೊದಲು ಹೋಗುತ್ತವೆ.

600 ಡಿಗ್ರಿಯ ತನಕ ಗಂಟೆಗೆ 60ರಿಂದ 80ರಂತೆ ಏರಿಸಿ. ಆಮೇಲೆ 150. ಕೊನೆಯ 100 ಡಿಗ್ರಿ ಮತ್ತೆ 60. ತಟ್ಟೆಗಳನ್ನು ಎಲಿಮೆಂಟ್‌ಗೆ ಹತ್ತಿರ ಇಡಬೇಡಿ, ಒಂದು ಬದಿ ಮೊದಲು ಕಾಯುತ್ತದೆ. ಗೋಡೆಯಿಂದ ದೂರ, ನಡುವಿನಲ್ಲಿ ಇಡಿ.

ಈಗ ಇನ್ನೊಂದು ಪ್ರಲೋಭನೆ: ಹೋದ ಸಲ ಕಡಿಮೆಯಾಯಿತು, ಈ ಸಲ ಸ್ವಲ್ಪ ಹೆಚ್ಚೇ ಕೊಡೋಣ. ಬೇಡ. ಗುರಿ ಕೋನ್ 6 ಆಗಿದ್ದರೆ ಕೋನ್ 6ಕ್ಕೇ ನಿಲ್ಲಿಸಿ. ಅತಿಯಾದರೆ ಗ್ಲೇಜ್ ಇಳಿದು ಶೆಲ್ಫಿಗೆ ಅಂಟುತ್ತದೆ. ಮೈಯೊಳಗಿನ ಅನಿಲ ಹೊರಬರಲಾಗದೆ ಮಣ್ಣು ಗುಳ್ಳೆಯೇಳುತ್ತದೆ, ಆ ಗುಳ್ಳೆ ಮತ್ತೆಂದೂ ಇಳಿಯುವುದಿಲ್ಲ. ನನ್ನ ಪ್ರಕಾರ ನಿಂತ ಫೈರಿಂಗ್‌ಗಳು ಕೆಡಿಸಿದ ಪಾತ್ರೆಗಳಿಗಿಂತ ಅವಸರದ ಎರಡನೇ ಫೈರಿಂಗ್ ಕೆಡಿಸಿದ ಪಾತ್ರೆಗಳೇ ಹೆಚ್ಚು.

ಹಳೆಯ ಕೋನ್‌ಗಳನ್ನು ಎಸೆದು ಹೊಸವನ್ನು ಇಡಿ. ಒಮ್ಮೆ ಶಾಖ ಉಂಡ ಕೋನ್ ನೆಟ್ಟಗೆ ನಿಂತಂತೆ ಕಂಡರೂ ಅದರ ಸಾಕ್ಷ್ಯಕ್ಕೆ ಬೆಲೆ ಇಲ್ಲ.

7. ತೆಗೆದ ಮೇಲೆ ಕಣ್ಣನ್ನಷ್ಟೇ ನಂಬಬೇಡಿ, ಪರೀಕ್ಷೆ ಮಾಡಿ

ಮೂರು ಟ್ರೇ ಇಟ್ಟುಕೊಳ್ಳಿ. ಒಂದಕ್ಕೆ ಮುಗಿದವು, ಒಂದಕ್ಕೆ ಹಾಗೆಯೇ ಮತ್ತೆ ಫೈರ್ ಆಗಬೇಕಾದವು, ಒಂದಕ್ಕೆ ಗ್ಲೇಜ್ ತುಂಬಿ ಫೈರ್ ಮಾಡಬೇಕಾದವು. ಪ್ರತಿ ಪಾತ್ರೆಯನ್ನೂ ಕೈಯಲ್ಲಿ ಹಿಡಿದು ತೀರ್ಪು ಕೊಡಿ.

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾರಲ್ಲ, ನೀವೂ ತಟ್ಟಿ. ಟಣ್ ಎಂದರೆ ಮೈ ಗಟ್ಟಿ. ಡಬ್ ಎಂದು ಸತ್ತ ದನಿ ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಅಂಥದ್ದನ್ನು ಮತ್ತೆ ಫೈರ್ ಮಾಡಿ ಕರೆಂಟ್ ಖರ್ಚು ಮಾಡಬೇಡಿ.

ಮೇಲ್ಮೈಯನ್ನು ಬೆರಳಿನಿಂದ ಸವರಿ. ಒರಟು, ಒಣಕಲು, ಹಾಲಿನಂತೆ ಮಂಕು ಇದ್ದರೆ ಬೆಂದಿಲ್ಲ. ಉಕ್ಕಿನ ಮೊಳೆಯಿಂದ ಮೂಲೆಯಲ್ಲಿ ಗೀರಿ, ಗೀರು ಬಿದ್ದರೆ ಬೆಂದಿಲ್ಲ.

ಮೈ ಬೆಂದಿದೆಯೇ ಎಂದು ತಿಳಿಯಲು ತಕ್ಕಡಿ ಬೇಕು. ಗ್ಲೇಜ್ ಇಲ್ಲದ, ಅದೇ ಮಣ್ಣಿನ, ಅದೇ ಶೆಲ್ಫಿನ ತುಂಡನ್ನು ಒಣಗಿಸಿ ತೂಗಿ. ಎರಡು ಗಂಟೆ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಮೇಲಿನ ನೀರು ಒರೆಸಿ ಮತ್ತೆ ತೂಗಿ. ಒಣ ತೂಕ 400 ಗ್ರಾಂ, ಒದ್ದೆ ತೂಕ 432 ಗ್ರಾಂ ಎಂದುಕೊಳ್ಳಿ. ಹೀರಿದ್ದು 32 ಗ್ರಾಂ, ಅಂದರೆ ಶೇಕಡಾ 8. ಸ್ಟೋನ್‌ವೇರ್‌ಗೆ ಇದು ತೀರ ಹೆಚ್ಚು. 2ರಿಂದ 3ರ ಒಳಗೆ ಬರಬೇಕು. ಶೇಕಡಾ 8 ಹೀರುವ ಮಗ್ ಮೇಜಿನ ಮೇಲೆ ನೀರಿನ ವೃತ್ತ ಬಿಡುತ್ತದೆ, ಮೈಕ್ರೋವೇವ್‌ನಲ್ಲಿ ಕೈ ಸುಡುವಷ್ಟು ಕಾಯುತ್ತದೆ. ಎರಡನೇ ಫೈರಿಂಗ್ ಆದ ಮೇಲೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ. ಸಂಖ್ಯೆ ಇಳಿದದ್ದು ಕಂಡಾಗ ನಿಮ್ಮ ಕೆಲಸ ಗೆದ್ದಿದೆ ಎಂದು ಯಾರೂ ಹೇಳಬೇಕಾಗಿಲ್ಲ.

ಊಟ ತಿಂಡಿಯ ಪಾತ್ರೆ ವಿಷಯದಲ್ಲಿ ರಾಜಿ ಬೇಡ. ಅರ್ಧ ಬೆಂದ ಗ್ಲೇಜ್ ತನ್ನೊಳಗಿನ ತಾಮ್ರ, ಮ್ಯಾಂಗನೀಸ್, ಬೇರಿಯಂ ಮೊದಲಾದವನ್ನು ಗಟ್ಟಿಯಾಗಿ ಹಿಡಿದಿಡುವುದಿಲ್ಲ. ಹುಳಿ ತಾಗಿದರೆ ಅವು ಹೊರಬರುತ್ತವೆ. ನಮ್ಮ ಅಡುಗೆಯಲ್ಲಿ ಹುಳಿ ಇಲ್ಲದ ದಿನ ಯಾವುದು? ಸಾರು, ಮಜ್ಜಿಗೆ, ಉಪ್ಪಿನಕಾಯಿ, ನಿಂಬೆಹಣ್ಣಿನ ಶರಬತ್ತು. ನಿಂಬೆಹೋಳನ್ನು ಗ್ಲೇಜಿನ ಮೇಲೆ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿ. ಬಣ್ಣ ಬದಲಾಗಿದ್ದರೆ ಆ ಪಾತ್ರೆ ಅಡುಗೆಮನೆಗೆ ಹೋಗಬಾರದು. ಬದಲಾಗದಿದ್ದರೆ ಸುರಕ್ಷಿತ ಎಂಬ ಸರ್ಟಿಫಿಕೇಟ್ ಸಿಕ್ಕಿತೆಂದು ಭಾವಿಸಬೇಡಿ. ಆ ಸರ್ಟಿಫಿಕೇಟ್ ಲ್ಯಾಬ್ ಟೆಸ್ಟ್ ಮಾತ್ರ ಕೊಡಬಲ್ಲದು, ಮಾರಾಟಕ್ಕೆ ಮಾಡುವವರು ಅದನ್ನು ಮಾಡಿಸಲೇಬೇಕು.

8. ಗ್ಲೇಜ್ ಹಿಡಿಯದ ಮೈಗೆ ಹಿಡಿಸುವುದನ್ನು ಕಲಿಯಿರಿ

ಬೆಂದ ಪಾತ್ರೆ ನೀರು ಹೀರುವುದಿಲ್ಲ, ಹಾಗಾಗಿ ಗ್ಲೇಜ್ ಜಾರಿಹೋಗುತ್ತದೆ. ಇದಕ್ಕೆ ಬಿಸಿಯೇ ಉಪಾಯ. ಪಾತ್ರೆಯನ್ನು ಸೋಪು ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ. ಓವನ್‌ನಲ್ಲಿ ಸುಮಾರು 100 ಡಿಗ್ರಿಗೆ ಬಿಸಿ ಮಾಡಿ, ದಪ್ಪ ಕೈಗವಸು ಹಾಕಿ ತೆಗೆಯಿರಿ. ದೋಸೆ ಹಿಟ್ಟಿಗಿಂತ ದಪ್ಪ ಕಲಸಿದ ಗ್ಲೇಜನ್ನು ತೆಳುವಾಗಿ, ಹಲವು ಪದರಗಳಲ್ಲಿ ಹಚ್ಚಿ. ನೀರು ತಾಗಿದ ಕ್ಷಣ ಆವಿಯಾಗಿ ಪುಡಿ ಮೈಗೆ ಅಂಟುತ್ತದೆ. ಗ್ಲೇಜಿಗೆ ಸ್ವಲ್ಪ ಸಿಎಂಸಿ ಗೋಂದು ಬೆರೆಸಿದರೆ ಹಿಡಿತ ಇನ್ನೂ ಚೆನ್ನ.

ಗ್ಲೇಜ್ ಸರಿದು ಬೋಳಾದ ಜಾಗವಿದ್ದರೆ ಅಂಚನ್ನು ಸಿಲಿಕಾನ್ ಕಾರ್ಬೈಡ್ ಕಲ್ಲಿನಿಂದ ಉಜ್ಜಿ ಒರಟು ಮಾಡಿ, ಆಮೇಲೆ ತುಂಬಿ. ಉಜ್ಜುವಾಗ ನೀರು ಬಳಸಿ, ಮಾಸ್ಕ್ ಮತ್ತು ಕನ್ನಡಕ ಹಾಕಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಚಿನ್ನದ ಲಸ್ಟರ್ ಇರುವ ಪಾತ್ರೆಗಳನ್ನು ಈ ಲೋಡ್‌ಗೆ ಸೇರಿಸಬೇಡಿ. ಲಸ್ಟರ್ ಕೂರುವುದೇ 700ರಿಂದ 800 ಡಿಗ್ರಿಯ ಆಸುಪಾಸಿನಲ್ಲಿ, 1200ಕ್ಕೆ ಸುಟ್ಟುಹೋಗುತ್ತದೆ.

9. ಗ್ಯಾಸ್ ಕಿಲ್ನ್ ಆಗಿದ್ದರೆ ಮೊದಲು ವಾಲ್ವ್, ಆಮೇಲೆ ಪಾತ್ರೆ

ಜ್ವಾಲೆ ಆರಿದ ಕ್ಷಣ ಸಿಲಿಂಡರ್ ವಾಲ್ವ್ ಮುಚ್ಚಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ, ಹಳ್ಳದಲ್ಲಿ, ಕಿಲ್ನ್ ತಳದಲ್ಲಿ ಸೇರಿಕೊಳ್ಳುತ್ತದೆ. ಕೋಣೆಯ ಬಾಗಿಲು ಕಿಟಕಿ ತೆರೆಯಿರಿ. ಡ್ಯಾಂಪರ್ ತೆರೆದು ಒಳಗಿನ ಅನಿಲ ಪೂರ್ತಿ ಹೊರಹೋಗಲು ಬಿಡಿ. ಆಮೇಲಷ್ಟೇ ಮತ್ತೆ ಹಚ್ಚಿ. ಪಾತ್ರೆ ತಣಿಯುತ್ತದೆ ಎಂಬ ಚಿಂತೆ ಬೇಡ, ನಿಮ್ಮ ಮುಖ ಸುಡಬಾರದು.

ಗ್ಯಾಸ್ ಉಳಿದಿದ್ದರೂ ಒತ್ತಡ ಇಳಿದು ಜ್ವಾಲೆ ಸೊರಗುವುದುಂಟು. ಸಿಲಿಂಡರ್ ಮೈಮೇಲೆ ಹಿಮ ಕಟ್ಟಿದೆಯೇ ನೋಡಿ. ದ್ರವ ಬೇಗ ಬೇಗ ಅನಿಲವಾಗುವಾಗ ಸಿಲಿಂಡರಿನ ಶಾಖವನ್ನೇ ಕುಡಿಯುತ್ತದೆ. 19 ಕೆಜಿಯ ಒಂದೇ ಸಿಲಿಂಡರ್ ಮೇಲೆ ಪೂರ್ತಿ ಭಾರ ಹಾಕುವ ಬದಲು ಮೂರು ನಾಲ್ಕನ್ನು ಮ್ಯಾನಿಫೋಲ್ಡ್‌ನಲ್ಲಿ ಜೋಡಿಸಿ. ಬೆಂಕಿಯಿಂದ ಸಿಲಿಂಡರ್ ಬಿಸಿ ಮಾಡುವ ಯೋಚನೆ ಎಂದೂ ಬರಬಾರದು.

ಇಂಧನದ ಮಾತು ಬಂದಾಗ ಬರ್ನಾರ್ಡ್ ಪಾಲಿಸಿಯನ್ನು ನೆನೆಯದೆ ಇರಲು ನನ್ನಿಂದಾಗದು. 16ನೇ ಶತಮಾನದ ಫ್ರಾನ್ಸಿನ ಕುಂಬಾರ ಅವರು. ಬಿಳಿ ಎನಾಮೆಲ್ ಗ್ಲೇಜಿನ ಗುಟ್ಟು ಹುಡುಕುತ್ತ ವರ್ಷಗಟ್ಟಲೆ ಕಳೆದರು. ಒಮ್ಮೆ ಫೈರಿಂಗ್ ನಡುವೆ ಸೌದೆ ಮುಗಿಯಿತು, ಗ್ಲೇಜ್ ಇನ್ನೂ ಕರಗಿರಲಿಲ್ಲ. ತೋಟದ ಬೇಲಿಯ ಕಂಬ ಕಿತ್ತು ಉರಿಗೆ ಹಾಕಿದರು. ಅದೂ ಸಾಲದೆ ಮನೆಯ ಮೇಜುಗಳನ್ನು, ನೆಲದ ಹಲಗೆಗಳನ್ನು ಹಾಕಿದರು. ಊರಿನವರು ಹುಚ್ಚು ಹಿಡಿದಿದೆ ಎಂದುಕೊಂಡರು. ಇನ್ನೊಂದು ಸಲ ಕಿಲ್ನ್ ಗಾರೆಯಲ್ಲಿದ್ದ ಕಲ್ಲಿನ ಚೂರುಗಳು ಬಿಸಿಗೆ ಸಿಡಿದು ಕರಗಿದ ಗ್ಲೇಜಿಗೆ ಅಂಟಿದವು. ಕಡಿಮೆ ಬೆಲೆಗೆ ಕೊಳ್ಳಲು ಜನ ಮುಂದೆ ಬಂದರೂ ಅವರು ಕೊಡಲಿಲ್ಲ. ಹೆಸರು ಕೆಡುತ್ತದೆ ಎಂದು ಒಡೆದು ಹಾಕಿದರು. ಇದನ್ನೆಲ್ಲ ಅವರೇ ಬರೆದಿಟ್ಟ ಪುಸ್ತಕ 1580ರಲ್ಲಿ ಪ್ರಕಟವಾಯಿತು. ಅವರ ಛಲವನ್ನು ಪೂರ್ತಿ ತೆಗೆದುಕೊಳ್ಳಿ. ಜೊತೆಗೆ ಸೌದೆಯ ಲೆಕ್ಕವನ್ನು ಮೊದಲೇ ಹಾಕಿ: ಹೋದ ಫೈರಿಂಗ್‌ಗೆ ಎಷ್ಟು ಇಂಧನ ಹಿಡಿಯಿತೋ ಅದರ ಒಂದೂವರೆ ಪಟ್ಟು ಕೈಯಲ್ಲಿರಲಿ.

ರಿಡಕ್ಷನ್ ಫೈರಿಂಗ್ ಆಗಿದ್ದರೆ ಒಂದು ಮಾತು. ಬಿಸಿಯಲ್ಲಿ ಗಾಳಿ ಒಳಹೊಕ್ಕಿದ್ದರೆ ತಾಮ್ರ ಮತ್ತು ಕಬ್ಬಿಣ ಮತ್ತೆ ಆಮ್ಲಜನಕ ಹಿಡಿದಿರುತ್ತವೆ. ತಾಮ್ರದ ಕೆಂಪು ಹಸಿರಾಗಿರಬಹುದು, ಸೆಲಡಾನ್ ಹಳದಿಗೆ ತಿರುಗಿರಬಹುದು. ಎರಡನೇ ಸಲ ರಿಡಕ್ಷನ್ ಅನ್ನು ಗ್ಲೇಜ್ ಕರಗುವ ಮೊದಲೇ, 900 ದಾಟುತ್ತಿದ್ದಂತೆ ಶುರುಮಾಡಿ. ಬಣ್ಣ ಮರಳುವ ಒಳ್ಳೆಯ ಅವಕಾಶ ಇದೆ.

10. ಒಂದು ಪಾತ್ರೆಯನ್ನು ಮೊದಲು ಕಳಿಸಿ

ಇಡೀ ಲೋಡನ್ನು ಒಮ್ಮೆಲೇ ಪಣಕ್ಕಿಡಬೇಡಿ. ಪ್ರತಿ ಗ್ಲೇಜಿನದೂ ಒಂದೊಂದು ಪಾತ್ರೆ ಆರಿಸಿ, ಟೆಸ್ಟ್ ಕಿಲ್ನ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಮುಂದಿನ ಸಾಮಾನ್ಯ ಲೋಡಿನ ಜೊತೆ ಫೈರ್ ಮಾಡಿ. ಸರಿ ಬಂದ ಗ್ಲೇಜಿನ ಪಾತ್ರೆಗಳೆಲ್ಲ ಮುಂದಕ್ಕೆ ಹೋಗಲಿ. ಕೆಳಗೆ ಇಳಿದ ಗ್ಲೇಜ್ ಇದ್ದರೆ ಪಾತ್ರೆಯ ಅಡಿಗೆ ಅದೇ ಮಣ್ಣಿನ ಬಿಸ್ಕ್ ಬಿಲ್ಲೆ ಇಡಿ. ಶೆಲ್ಫಿಗೆ ಅಲ್ಯೂಮಿನಾ ಮತ್ತು ಕೆಯೊಲಿನ್ ಕಲಸಿದ ಕಿಲ್ನ್ ವಾಷ್ ಹೊಸದಾಗಿ ಬಳಿಯಿರಿ. ಶೆಲ್ಫ್ ದುಬಾರಿ ವಸ್ತು.

11. ಗ್ರಾಹಕರಿಗೆ ಅದೇ ದಿನ ತಿಳಿಸಿ

"ಮೇಡಂ, ಫೈರಿಂಗ್ ಮಧ್ಯೆ ಕರೆಂಟ್ ಹೋಯಿತು. ನಿಮ್ಮ ಕಪ್‌ಗಳನ್ನು ಇನ್ನೊಮ್ಮೆ ಫೈರ್ ಮಾಡಿ, ಪರೀಕ್ಷೆ ಮಾಡಿ ಕೊಡುತ್ತೇನೆ. ಒಂದು ವಾರ ಹೆಚ್ಚು ಬೇಕು." ಇಷ್ಟು ಸಾಕು. ನೆಪ ಬೇಡ, ಉದ್ದ ವಿವರಣೆ ಬೇಡ, ಹೊಸ ದಿನಾಂಕ ಖಚಿತವಾಗಿರಲಿ. ಮುಂದಿನ ಆರ್ಡರ್‌ಗಳಲ್ಲಿ ಶೇಕಡಾ 15ರಷ್ಟು ಹೆಚ್ಚು ಪಾತ್ರೆ ತಿಗರಿಯ ಮೇಲೆಯೇ ಮಾಡಿಡಿ. 20 ಕಪ್‌ಗೆ ಆರ್ಡರ್ ಇದ್ದರೆ 23 ಮಾಡಿ.

ಉಳಿಸಲಾಗದ ಆದರೆ ಸೊಗಸಾಗಿರುವ ಪಾತ್ರೆಗಳನ್ನು ಗಿಡದ ಕುಂಡ, ಪೆನ್ ಸ್ಟ್ಯಾಂಡ್ ಎಂದು ಸ್ಪಷ್ಟವಾಗಿ ಬರೆದು ಬೇರೆ ಬೆಲೆಗೆ ಮಾರಿ. ಊಟದ ಪಾತ್ರೆ ಎಂದು ಮಾತ್ರ ಮಾರಬೇಡಿ.

12. ಮುಂದಿನ ಫೈರಿಂಗ್‌ಗೆ ಇವತ್ತೇ ಸಿದ್ಧರಾಗಿ

ಕಿಲ್ನ್ ಡೈರಿ ಶುರುಮಾಡಿ. ಅರ್ಧ ಗಂಟೆಗೊಮ್ಮೆ ಡಿಗ್ರಿ ಬರೆಯಿರಿ. ಮೇಲೆ, ನಡುವೆ, ಕೆಳಗೆ, ಮೂರೂ ಶೆಲ್ಫಿನಲ್ಲಿ 5, 6, 7ರ ಕೋನ್ ಇಡಿ. ಬೆಳಗಾವಿ ಜಿಲ್ಲೆಯ ಖಾನಾಪುರದ ಕುಂಬಾರಿಕೆ ತರಬೇತಿ ಸಂಸ್ಥೆಯಲ್ಲಿ ಕಲಿಯಿರಿ, ಬೆಂಗಳೂರಿನ ಸ್ಟುಡಿಯೋದಲ್ಲಿ ಕಲಿಯಿರಿ, ಪುದುಚೇರಿಯಲ್ಲಿ 1971ರಿಂದ ನಡೆದು ಬಂದ ಗೋಲ್ಡನ್ ಬ್ರಿಜ್ ಪಾಟರಿಯ ಪರಂಪರೆಯವರಲ್ಲಿ ಕಲಿಯಿರಿ, ಡೈರಿ ಬರೆಯುವ ಅಭ್ಯಾಸ ಮಾತ್ರ ನಿಮ್ಮದೇ ಆಗಿರಬೇಕು.

ಎಲಿಮೆಂಟ್‌ಗಳ ರೆಸಿಸ್ಟೆನ್ಸ್ ಹೊಸದರಲ್ಲೇ ಅಳೆದು ಬರೆಸಿಡಿ. ಅದು ಶೇಕಡಾ 10 ಏರಿದಾಗ ಬದಲಿಸುವ ಕಾಲ ಬಂದಿದೆ. ಕೆ ಟೈಪ್ ಥರ್ಮೋಕಪಲ್ 1200 ದಾಟುವ ಕೆಲಸದಲ್ಲಿ ಬೇಗ ಸವೆಯುತ್ತದೆ, ಒಂದು ಸ್ಪೇರ್ ಡ್ರಾಯರ್‌ನಲ್ಲಿರಲಿ. ದುಡ್ಡು ಕೂಡಿದಾಗ ಎಸ್ ಟೈಪ್‌ಗೆ ಹೋಗಿ. ಮನೆಯ ಇನ್ವರ್ಟರ್ ಕಿಲ್ನ್ ಓಡಿಸಲಾರದು, ಆದರೆ ಕಂಟ್ರೋಲರ್ ಒಂದಕ್ಕೇ ಸಣ್ಣ ಯುಪಿಎಸ್ ಕೊಡಿಸಬಹುದೇ ಎಂದು ಎಲೆಕ್ಟ್ರಿಷಿಯನ್ ಬಳಿ ಕೇಳಿ. ಕರೆಂಟ್ ಹೋದರೂ ಒಳಗೆ ಎಷ್ಟು ಡಿಗ್ರಿ ಇದೆ ಎಂಬುದು ಕಾಣುತ್ತಿರುತ್ತದೆ, ಪ್ರೋಗ್ರಾಂ ಅಳಿಯುವುದಿಲ್ಲ.

ಫೈರಿಂಗ್ ದಿನ ನಿಗದಿ ಮಾಡುವ ಮೊದಲು ಪತ್ರಿಕೆಯ "ನಾಳೆ ವಿದ್ಯುತ್ ವ್ಯತ್ಯಯ" ಕಾಲಂ ಓದಿ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಯಾವುದೇ ಇರಲಿ, ದುರಸ್ತಿಗಾಗಿ ಲೈನ್ ತೆಗೆಯುವ ಬಡಾವಣೆಗಳ ಹೆಸರು ಅಲ್ಲಿ ಬರುತ್ತದೆ. ನಿಮ್ಮ ಏರಿಯಾ ಹೆಸರು ಇಲ್ಲದ ದಿನ ನೋಡಿ, ಸೆಕ್ಷನ್ ಆಫೀಸಿಗೆ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಸಂಜೆ ಲೋಡ್ ಜೋಡಿಸಿ, ರಾತ್ರಿ ಊಟ ಮುಗಿಸಿ ಸ್ವಿಚ್ ಹಾಕಿ.